ಕೇಳಿದ ಸಂಗೀತವನ್ನು ಹೇಳಿಕೊಳ್ಳುವ ಬಗೆ

ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಸ್ಲೋ ಲೋಕಲಿನಲ್ಲಿ ಹೋಗುವವರಿಗೆ ಒಂದು ಗಂಟೆಗೂ ಮಿಕ್ಕಿದ ಪ್ರಯಾಣ. ಒಂದು ವಿಲಂಬಿತ ಖ್ಯಾಲ್, ಅದರ ಬೆನ್ನಿಗೆ ಒಂದು ದ್ರುತ್ ಚೀಜು, ಕೊನೆಗೊಂದು ದಾಸರ ಪದ, ಇಷ್ಟೂ ಈ ಅವಧಿಯಲ್ಲಿ ಧಾರಾಳವಾಗಿ ಹಿಡಿಸುತ್ತವೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಮೇಲಿನ ಹಿಡಿಕೆಗೆ ಜೋತುಬಿದ್ದು, ಕಣ್ಣು ಮುಚ್ಚಿ ತಲೆದೂಗುವ ನಮ್ಮವರನ್ನು ನಾವು ಅನೇಕ ಸಲ ಕಂಡಿದ್ದೇವೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಶಾಸ್ತ್ರೀಯ ಸಂಗೀತವನ್ನು ಕೇಳುವವರಿಗೇನೂ ಕೊರತೆಯಿಲ್ಲ. ಆದರೆ ಕೇಳಿದ್ದನ್ನು ಮತ್ತೊಬ್ಬರೊಡನೆ ಹೇಳಿಕೊಳ್ಳುವ ಪರಿಪಾಠ ಮಾತ್ರ ದಿನೇ ದಿನೇ ಸೊರಗುತ್ತಿದೆ.

ಹೇಳಿಕೊಳ್ಳುವುದಿಲ್ಲವೆಂದಲ್ಲ. ಮುಂಜಾನೆ ಮೊಬೈಲು ತೆರೆದರೆ ಯಾರೋ ಕಳುಹಿದ ಒಂದು ಗಾಯನ, ಅದರ ಕೆಳಗೆ ಎರಡು ಜೋಡಿಸಿದ ಕೈಗಳು, ‘ಅದ್ಭುತ’, ‘ದೈವೀ ಕಂಠ’ ಎಂಬ ಒಂದೆರಡು ಪದಗಳು. ಕಳುಹಿದವರ ಸಂತೋಷದ ಬಗೆಗೆ ನಮಗೆ ಸಂದೇಹವಿಲ್ಲ. ಆದರೆ ಆ ಪದಗಳು ಅವರ ಸಂತೋಷವನ್ನು ತಿಳಿಸುತ್ತವೆಯೇ ಹೊರತು ಆ ಗಾಯನದಲ್ಲಿ ಏನು ನಡೆಯಿತೆಂಬುದನ್ನು ತಿಳಿಸುವುದಿಲ್ಲ. ನಲವತ್ತು ನಿಮಿಷದ ಗಾಯನದಲ್ಲಿ ಎಲ್ಲಿ ಕಿವಿಗೊಡಬೇಕೆಂದು ತಿಳಿಯದ ಮಗ ಅಥವಾ ಸೊಸೆ ಎರಡು ನಿಮಿಷ ಕೇಳಿ ಮುಂದೆ ಸಾಗುತ್ತಾರೆ. ಅವರದು ತಪ್ಪೆಂದು ನಾವು ಹೇಳಲಾರೆವು.

ನಾವು ಏಳೆಂಟು ಮನೆಗಳವರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಕೂಡಿ ಒಂದೋ ಎರಡೋ ಧ್ವನಿಮುದ್ರಿಕೆಗಳನ್ನು ಕೇಳಿ, ಆಮೇಲೆ ಅವುಗಳ ಕುರಿತು ಮಾತಾಡುವ ಪದ್ಧತಿಯನ್ನು ಕೆಲವು ಕಾಲದಿಂದ ಇಟ್ಟುಕೊಂಡಿದ್ದೇವೆ. ನಮ್ಮಲ್ಲಿ ಸಂಗೀತ ಶಾಸ್ತ್ರವನ್ನು ಕಲಿತವರು ಇಬ್ಬರೋ ಮೂವರೋ. ಉಳಿದವರು ಕೇವಲ ಕೇಳುಗರು. ಈ ಕೂಟದಲ್ಲಿ ನಾವು ತಪ್ಪಿ, ತಿದ್ದಿಕೊಂಡು ಕಲಿತ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡಬೇಕೆನಿಸಿತು.

ಮೊದಲಿಗೆ ಒಂದು ಮಾತು. ಧ್ವನಿಮುದ್ರಿಕೆಯೆಂದರೆ ಕಚೇರಿಗೆ ಹೋಗಲಾಗದವರ ಬಡ ಬದಲಿ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಹಲವರಿಗಿದೆ. ಕನ್ನಡ ನಾಡಿನ ಹಿಂದೂಸ್ತಾನಿ ಸಂಗೀತದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಗದುಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟು ಹೊರಟದ್ದಕ್ಕೆ ಪ್ರೇರಣೆಯಾದದ್ದು ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಒಂದು ಪ್ಲೇಟು. ಉತ್ತರ ಭಾರತವನ್ನೆಲ್ಲ ಸುತ್ತಿ ಬಂದ ಆ ಹುಡುಗನಿಗೆ ಕೊನೆಗೆ ಗುರು ದೊರೆತದ್ದು ಕುಂದಗೋಳದಲ್ಲಿ. ಆ ಪ್ಲೇಟಿನ ದನಿಯ ಒಡೆಯರ ಶಿಷ್ಯರೇ ಆಗಿದ್ದ ಸವಾಯಿ ಗಂಧರ್ವರಲ್ಲಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಸಿದ್ದರಾಮಯ್ಯ ಕೊಮಕಾಳಿಮಠ, ಅಂದರೆ ನಮ್ಮ ಕುಮಾರ ಗಂಧರ್ವರು, ಪಾಠವಾಗುವುದಕ್ಕೂ ಮೊದಲೇ ದೊಡ್ಡ ದೊಡ್ಡ ಉಸ್ತಾದರ ಪ್ಲೇಟುಗಳನ್ನು ಕೇಳಿ ಅವನ್ನು ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದ ಬಾಲ ಪ್ರತಿಭೆ. ಅವರು ಮುಂಬಯಿಗೆ ಬಂದು ಬಿ. ಆರ್. ದೇವಧರರಲ್ಲಿ ಶಿಷ್ಯವೃತ್ತಿ ಕೈಗೊಂಡದ್ದು ಆ ಬಳಿಕ. ಹೀಗೆ ನಾವು ಇಂದು ಧ್ವನಿಮುದ್ರಿಕೆಗಳಲ್ಲಿ ಕೇಳುವ ಮಹನೀಯರೇ ಸ್ವತಃ ಧ್ವನಿಮುದ್ರಿಕೆಗಳ ಮುಂದೆ ಕುಳಿತ ಮಕ್ಕಳಾಗಿದ್ದರು.

ಆದಕಾರಣ ಒಂದು ಮುದ್ರಿಕೆಯ ಕುರಿತು ಮಾತಾಡುವ ಮುನ್ನ ಅದು ಎಂಥ ವಸ್ತುವೆಂಬುದನ್ನು ತಿಳಿಯುವುದು ಒಳಿತು. 78 ಸುತ್ತುಗಳ ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ದಿನಗಳಲ್ಲಿ ಮೈಕು ಇರಲಿಲ್ಲ. ಗಾಯಕಿ ತಗಡಿನ ಕೊಳವೆಯ ಬಾಯಿಗೆ ಮುಖವೊಡ್ಡಿ ಹಾಡಬೇಕಾಗಿತ್ತು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಇಂದಿಗೂ ಕೇಳಿಸುತ್ತದೆ. ಅದು ಜಂಬವಲ್ಲ. ಪ್ಲೇಟುಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಪ್ಲೇಟು ಯಾರದೆಂದು ತಿಳಿಯಲು ಈ ಕೂಗೇ ಗುರುತು. ಇದನ್ನರಿಯದ ನಮ್ಮ ಕೂಟದ ಮಕ್ಕಳು ಮೊದಲ ಸಲ ಕೇಳಿದಾಗ ನಕ್ಕುಬಿಟ್ಟರು. ಅರಿತ ಮೇಲೆ ಅದೇ ಮಕ್ಕಳು ಪ್ರತಿಯೊಂದು ಹಳೆಯ ಪ್ಲೇಟಿನ ಕೊನೆಯನ್ನು ಕಾದು ಕುಳಿತು ಕೇಳತೊಡಗಿದರು.

ಮೂರು ನಿಮಿಷದಲ್ಲಿ ರಾಗವನ್ನು ತೋರಿಸಬೇಕಾದವರು ಒಂದು ಸ್ವರವನ್ನೂ ದಂಡ ಮಾಡುವಂತಿರಲಿಲ್ಲ. ಆ ಕಾಲದ ಪ್ಲೇಟುಗಳಲ್ಲಿ ಖ್ಯಾಲು ಅವಸರವಾಗಿ ಓಡುವುದಕ್ಕೆ ಗಾಯಕರ ಸ್ವಭಾವ ಕಾರಣವೆಂದು ತಿಳಿಯಬಾರದು. ಎಲ್‌ಪಿ ಬಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ದೊರೆಯಿತು. ವಿಲಂಬಿತವು ಉಸಿರಾಡಿತು. ಆಮೇಲೆ ನಮ್ಮ ಮನೆಮನೆಗೂ ಬಂದ ಕ್ಯಾಸೆಟ್ಟಿನದು ಮತ್ತೊಂದು ಕಥೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ನಲವತ್ತೈದು ನಿಮಿಷ. ಮೈಫಿಲಿನಲ್ಲಿ ಕದ್ದೋ ಕೇಳಿಯೋ ಮುದ್ರಿಸಿಕೊಂಡ ಎಷ್ಟೋ ಗಾಯನಗಳು ತಾನಿನ ನಡುವೆಯೇ ತುಂಡಾಗಿ, ಮತ್ತೊಂದು ಮಗ್ಗುಲಿನಲ್ಲಿ ಎಲ್ಲಿಂದಲೋ ಆರಂಭವಾಗುತ್ತವೆ. ಆ ನಡುವಿನ ಅರ್ಧ ನಿಮಿಷದಲ್ಲಿ ಏನಾಯಿತೆಂಬುದು ಅಲ್ಲಿ ಕುಳಿತಿದ್ದವರಿಗೆ ಮಾತ್ರ ಗೊತ್ತು.

ಇನ್ನು ವೇಗದ ತೊಡಕು. ಟೇಪು ಶೇಕಡ ಆರರಷ್ಟು ವೇಗವಾಗಿ ಓಡಿದರೆ ಶ್ರುತಿ ಹೆಚ್ಚು ಕಡಿಮೆ ಅರ್ಧ ಸ್ವರದಷ್ಟು ಏರುತ್ತದೆ. ಬಿಳಿ ಒಂದರಲ್ಲಿ ಹಾಡಿದ್ದು ಕರಿ ಒಂದರಲ್ಲಿ ಹಾಡಿದಂತೆ ಕೇಳುತ್ತದೆ. ನಕಲಿನ ನಕಲಾಗಿ ಕೈಯಿಂದ ಕೈಗೆ ಬಂದ ಗಾಯನಗಳಲ್ಲಿ ಇದು ಸಾಮಾನ್ಯ. ಕಂಠವು ತೆಳುವಾಗಿ, ತಾನುಗಳು ಅಸಹಜ ಚುರುಕಾಗಿ ಕೇಳಿದರೆ ಮೊದಲು ಯಂತ್ರವನ್ನು ಸಂಶಯಿಸಬೇಕು.

ಆದರೆ ಈ ಸೂತ್ರವನ್ನೇ ನಂಬಿ ನಾವು ಒಮ್ಮೆ ಸರಿಯಾಗಿ ಮುಗ್ಗರಿಸಿದೆವು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದಿದ್ದವು. ಅವುಗಳಲ್ಲೊಂದನ್ನು ಕೇಳಿಸಿದಾಗ ಎಳೆಯ, ಎತ್ತರದ ಹೆಣ್ಣು ದನಿ. ನಮ್ಮಲ್ಲಿ ಅರ್ಧಕ್ಕರ್ಧ ಜನ ‘ಇದು ವೇಗ ತಪ್ಪಿದ ನಕಲು’ ಎಂದು ತೀರ್ಪಿತ್ತೆವು. ನಮಗೆ ಪರಿಚಿತವಾದ ಗಂಗೂಬಾಯಿಯವರ ಕಂಠ ಗಂಡು ದನಿಯಂತೆ ಗಂಭೀರವಾದುದಲ್ಲವೇ! ನಿಜಸಂಗತಿಯೆಂದರೆ, ಗಂಟಲ ಬೇನೆ ಮತ್ತು ಅದರ ಚಿಕಿತ್ಸೆಯ ಬಳಿಕ ಅವರ ದನಿಯೇ ಮಾರ್ಪಟ್ಟಿತು. ಪ್ಲೇಟು ಸರಿಯಾಗಿಯೇ ಇತ್ತು, ನಮ್ಮ ತೀರ್ಪು ತಪ್ಪಾಗಿತ್ತು. ಅದಾದ ಮೇಲೆ ಅದೇ ಸಂಜೆ ಅವರ ನಡುವಯಸ್ಸಿನ ಒಂದು ಮುದ್ರಿಕೆಯನ್ನು ಕೇಳಿದೆವು. ಕಳೆದುಹೋದ ದನಿಗಾಗಿ ಒಂದಿಷ್ಟೂ ಅಳುಕದೆ, ಉಳಿದ ದನಿಯಿಂದಲೇ ಷಡ್ಜದ ಬಳಿಯಲ್ಲಿ ಒಂದೊಂದೇ ಸ್ವರವನ್ನು ಕಟ್ಟುತ್ತ ಹೋಗುವ ಆ ಧೈರ್ಯ, ಎರಡನ್ನೂ ಒಟ್ಟಿಗೆ ಕೇಳದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ.

ಗಂಗೂಬಾಯಿಯವರ ಮುದ್ರಿಕೆಗಳಲ್ಲಿ ಇನ್ನೊಂದು ದನಿಯಿದೆ. ಅದನ್ನು ನಮಗೆ ತೋರಿಸಿಕೊಟ್ಟವರು ಕೂಟದ ಒಬ್ಬ ಗೃಹಿಣಿ. ತಾಯಿ ಒಂದು ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವಾಗ ಹಿಂದಿನಿಂದ ಆ ಸ್ವರವನ್ನು ಹಿಡಿದು ನಿಲ್ಲಿಸುವ ದನಿ ಮಗಳು ಕೃಷ್ಣಾ ಅವರದು. ಜೀವಮಾನವಿಡೀ ತಾಯಿಯ ಹಿಂದೆ ಕುಳಿತು ಹಾಡಿದ ಕೃಷ್ಣಾ ಹಾನಗಲ್ಲರು 2004ರಲ್ಲಿ, ತಾಯಿಗಿಂತ ಐದು ವರ್ಷ ಮೊದಲು, ತೀರಿಕೊಂಡರು. ‘ಇನ್ನು ಮೇಲೆ ಹಿಂದಿನ ದನಿಯನ್ನೇ ಕೇಳಿ ನೋಡಿ’ ಎಂದರು ಆ ಸೋದರಿ. ಅಂದಿನಿಂದ ನಾವು ಕೇಳುವ ರೀತಿಯೇ ಬದಲಾಯಿತು. ಇದು ಶಾಸ್ತ್ರಜ್ಞಾನದ ಮಾತಲ್ಲ, ರಾಗದ ಹೆಸರು ಕೂಡ ಬೇಕಿಲ್ಲ. ಎಲ್ಲಿ ಕಿವಿಗೊಡಬೇಕೆಂಬ ಒಂದು ಬೆರಳ ಸನ್ನೆ, ಅಷ್ಟೆ.

ನಮ್ಮ ಕೂಟದ ಹಿರಿಯರೊಬ್ಬರು ಇಂಥ ಸನ್ನೆಯಲ್ಲಿ ಪಳಗಿದವರಾಗಿದ್ದರು. ಧಾರವಾಡದ ಕಡೆಯವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿ ಕಲ್ಯಾಣದಲ್ಲಿ ನೆಲೆಸಿದ್ದವರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಅವರ ಬಳಿ ಒಂದು ಟ್ರಂಕು ತುಂಬ ಕ್ಯಾಸೆಟ್ಟುಗಳಿದ್ದವು. ಒಂದು ಭಾನುವಾರ ಸಂಜೆ ಅವರು ತಂದ ಕ್ಯಾಸೆಟ್ಟಿನ ಮೇಲೆ ‘ಭೂಪ್’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಯಾರ ಗಾಯನವೆಂಬ ಉಲ್ಲೇಖವಿರಲಿಲ್ಲ. ನೆರೂಳಿನಿಂದ ಬಂದಿದ್ದ, ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ವೀಣೆ ಕಲಿತ ಯುವತಿಯೊಬ್ಬಳು ಐದು ನಿಮಿಷ ಕೇಳಿ, ‘ಸ್ವರಗಳೆಲ್ಲ ಮೋಹನದವೇ ಕಾಕಾ, ಆದರೆ ಮೋಹನ ಕೇಳಿದಂತೆ ಆಗುತ್ತಿಲ್ಲ’ ಎಂದಳು. ಉಡುಪಿಯ ಕಡೆಯವರೊಬ್ಬರು ಯಕ್ಷಗಾನದ ಭಾಗವತಿಕೆಯ ಮೋಹನವನ್ನು ನೆನೆದು ಅದಕ್ಕೆ ತಲೆಯಾಡಿಸಿದರು. ಕಾಕಾ ಟೇಪನ್ನು ಹಿಂದಕ್ಕೆ ತಿರುಗಿಸಿ, ‘ಹಂಗಾದ್ರ ಇವ್ರು ಎಲ್ಲಿ ನಿಲ್ತಾರ ಅನ್ನೂದು ನೋಡ್ರಿ. ಗಾಂಧಾರದ ಮ್ಯಾಲೆ ಕೂಡವಲ್ರು, ಧೈವತದ ಮ್ಯಾಲೆ ಹೋಗಿ ಕೂಡ್ತಾರ’ ಎಂದರು.

ಇಲ್ಲಿ ತುಸು ವಿವರಣೆ ಅವಶ್ಯ. ಸ, ರಿ, ಗ, ಪ, ಧ ಎಂಬ ಐದೇ ಸ್ವರಗಳಿಂದ ಹಿಂದೂಸ್ತಾನಿಯಲ್ಲಿ ಭೂಪ್ ಮತ್ತು ದೇಸ್ಕಾರ್ ಎಂಬ ಎರಡು ರಾಗಗಳಾಗುತ್ತವೆ. ಭೂಪ್ ರಾತ್ರಿಯ ಮೊದಲ ಜಾವದ್ದು. ಅದರ ಜೀವವಿರುವುದು ಗಾಂಧಾರದಲ್ಲಿ, ಸಂಚಾರ ಹೆಚ್ಚಾಗಿ ಸಪ್ತಕದ ಕೆಳಭಾಗದಲ್ಲಿ. ದೇಸ್ಕಾರ್ ಬೆಳಗಿನದು. ಅದು ಮೇಲ್ಭಾಗದಲ್ಲಿ, ಧೈವತವನ್ನು ಆಶ್ರಯಿಸಿ ಓಡಾಡುತ್ತದೆ. ಶುದ್ಧ ಕಲ್ಯಾಣವೆಂಬ ಮೂರನೆಯ ರಾಗವೂ ಇವುಗಳ ನೆರೆಯದೇ. ಏರುವಾಗ ಭೂಪದಂತೆ ಏರಿ, ಇಳಿಯುವಾಗ ನಿಷಾದವನ್ನೂ ತೀವ್ರ ಮಧ್ಯಮವನ್ನೂ ಮೀಂಡಿನಲ್ಲಿ ಸವರಿಕೊಂಡು ಬರುತ್ತದೆ. ಒಂದೇ ಅಕ್ಕಿ, ಒಂದೇ ಉದ್ದು. ಹದ ಬೇರೆಯಾದರೆ ಇಡ್ಲಿ ಬೇರೆ, ದೋಸೆ ಬೇರೆ.

ಕಾಕಾರ ಮಾತಿನ ನಂತರ ಕೇಳಿದಾಗ ನಮ್ಮಲ್ಲಿ ಏನೂ ಕಲಿಯದವರಿಗೂ ಗಾಯಕರು ಮೇಲಕ್ಕೆ ಹೋಗಿ ಹೋಗಿ ಒಂದೇ ಕಡೆ ವಿಶ್ರಮಿಸುವುದು ಸ್ಪಷ್ಟವಾಯಿತು. ಅದು ದೇಸ್ಕಾರ್. ಆಗ ಹತ್ತು ವರ್ಷದ ಬಾಲಕನೊಬ್ಬ, ‘ಕಾಗೆ ಕೂಗ್ತಾ ಇದೆ, ಕಪ್ಪು ಬಸಿಯ ಸದ್ದೂ ಇದೆ’ ಎಂದ. ನಿಜವೇ! ಅದು ಬೆಳಗಿನ ಬೈಠಕ್ಕಿನ ಮುದ್ರಿಕೆ. ಮೂವತ್ತು ವರ್ಷ ಆ ಕ್ಯಾಸೆಟ್ಟನ್ನು ಕೇಳಿದ್ದ ಕಾಕಾರೂ ಆ ಕಾಗೆಯನ್ನು ಗಮನಿಸಿರಲಿಲ್ಲವಂತೆ. ಪೆನ್ಸಿಲಿನ ‘ಭೂಪ್’ ಅನ್ನು ಅಂದೇ ಹೊಡೆದುಹಾಕಿದೆವು.

ನಮ್ಮ ಅನುಭವದಲ್ಲಿ ಒಂದು ಅಭಿಪ್ರಾಯವು ಇನ್ನೊಬ್ಬರಿಗೆ ಉಪಯೋಗವಾಗಬೇಕಾದರೆ ಇಂಥ ಹಿಡಿಕೆ ಅದಕ್ಕೆ ಬೇಕು. ‘ಇಂತಿಷ್ಟನೆಯ ನಿಮಿಷದ ಹೊತ್ತಿಗೆ ತಬಲೆ ಸಮ್ಮಿಗೆ ಬರುತ್ತದೆ, ಗಾಯಕರು ಬರುವುದಿಲ್ಲ, ಬೇಕೆಂದೇ ದಾಟಿ ಹೋಗುತ್ತಾರೆ’ ಎಂದು ಹೇಳಿದರೆ ಕೇಳುವವನು ಅದನ್ನು ಹುಡುಕಿಕೊಂಡು ಹೋಗುತ್ತಾನೆ, ಒಪ್ಪುತ್ತಾನೆ ಅಥವಾ ಜಗಳವಾಡುತ್ತಾನೆ. ‘ಭಾವಪೂರ್ಣ’ ಎಂದರೆ ಯಾರೂ ಜಗಳವಾಡಲಾರರು. ಯಾವ ಮುದ್ರಿಕೆ, ಎಂದಿನದು, ಸ್ಟುಡಿಯೋದ್ದೋ ಮೈಫಿಲಿನದೋ ಎಂಬುದನ್ನೂ ಹೇಳುವುದು ಅಗತ್ಯ. ಭೀಮಸೇನ ಜೋಶಿಯವರು ಅದೇ ಪೂರಿಯಾ ಧನಾಶ್ರೀಯನ್ನು ಒಂದೊಂದು ವಯಸ್ಸಿನಲ್ಲಿ ಒಂದೊಂದು ಬಗೆಯಾಗಿ ಹಾಡಿರುವಾಗ ‘ಜೋಶಿಯವರ ಪೂರಿಯಾ ಧನಾಶ್ರೀ’ ಎಂದಷ್ಟೇ ಹೇಳಿದರೆ ಡೊಂಬಿವಲಿ ಸ್ಟೇಷನ್ನಿನ ಬಳಿ ಸಿಗೋಣವೆಂದು ಹೇಳಿದಂತೆ. ಪೂರ್ವಕ್ಕೋ ಪಶ್ಚಿಮಕ್ಕೋ ಹೇಳಬೇಡವೇ?

ಓದಿ ತಿಳಿದದ್ದನ್ನು ಕೇಳಿದ್ದೆಂದು ಭ್ರಮಿಸುವ ಅಪಾಯವೂ ಉಂಟು. ಕುಮಾರ ಗಂಧರ್ವರ ಗಾಯನದ ತುಣುಕು ತುಣುಕಾದ ಸ್ವರಾವಳಿಗಳಿಗೆ, ಅವರಿಗೆ ತಗಲಿದ್ದ ಕ್ಷಯರೋಗವೂ ಅದರಿಂದ ದುರ್ಬಲವಾದ ಶ್ವಾಸಕೋಶವೂ ಕಾರಣವೆಂದು ಬರೆಯುವುದು ವಾಡಿಕೆಯಾಗಿಬಿಟ್ಟಿದೆ. ಕಾಯಿಲೆಯ ನಿಮಿತ್ತ ಅವರು 1948ರಲ್ಲಿ ದೇವಾಸಕ್ಕೆ ಹೋಗಿ ಕೆಲವು ವರ್ಷ ಹಾಡದೆ ಇದ್ದದ್ದು ನಿಜ. ಆದರೆ ನಿರ್ಗುಣ ಭಜನೆಗಳನ್ನು ಕಣ್ಮುಚ್ಚಿ ಕೇಳಿದಾಗ ನಮಗೆ ಕೇಳಿಸುವುದು ಉಸಿರಿನ ಕೊರತೆಯಲ್ಲ. ಇಲ್ಲಿಗೆ ಇಷ್ಟು ಸಾಕು ಎಂದು ನಿಲ್ಲಿಸಿದವರ ನಿರ್ಧಾರ ಅದು. ಒಂದು ಕೂಗು, ಆಮೇಲೆ ತಂಬೂರಿಯೊಂದೇ, ಆಮೇಲೆ ಮತ್ತೊಂದು ಕೂಗು. ಇದಕ್ಕೆ ನಮ್ಮ ಕೂಟದಲ್ಲಿ ಸಹಮತವಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಇಬ್ಬರು ವೈದ್ಯರಿದ್ದಾರೆ, ಅವರು ಶ್ವಾಸಕೋಶದ ಪಕ್ಷವನ್ನು ಬಿಡಲೊಲ್ಲರು.

ಮಲ್ಲಿಕಾರ್ಜುನ ಮನಸೂರರ ಮುದ್ರಿಕೆಗಳನ್ನು ಹೊಸಬರಿಗೆ ಕೇಳಿಸುವುದು ಕಷ್ಟವೆಂದು ಹಲವರ ಅಂಬೋಣ. ಅವರು ದೀರ್ಘ ಆಲಾಪದ ಪೀಠಿಕೆ ಹಾಕದೆ ನೇರವಾಗಿ ಬಂದಿಶಿಗೇ ಇಳಿಯುತ್ತಾರೆ. ರಾಗಗಳೂ ಅಪರೂಪದವು: ಶಿವಮತ ಭೈರವ, ಲಾಚಾರಿ ತೋಡಿ, ಬಸಂತಿ ಕೇದಾರ. ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಪ್ಲೇಟುಗಳಿಂದ ಹೆಸರು ಗಳಿಸಿದ ಮೇಲೆ ಅವರು ಮುಂಬಯಿಯಲ್ಲಿ ಮಂಜಿಖಾನರ ಶಿಷ್ಯರಾದರು. ಮಂಜಿಖಾನರು 1937ರಲ್ಲಿ ತೀರಿಕೊಂಡ ಬಳಿಕ ಅವರ ತಮ್ಮ ಬುರ್ಜಿಖಾನರಲ್ಲಿ ಕಲಿಕೆ ಮುಂದುವರಿಯಿತು. ಹೆಸರಾದವರು ಮತ್ತೆ ವಿದ್ಯಾರ್ಥಿಯಾಗಿ ಕುಳಿತ ಈ ಸಂಗತಿಯನ್ನು ಅವರ ಆತ್ಮಕಥೆ ‘ನನ್ನ ರಸಯಾತ್ರೆ’ಯಲ್ಲಿ ಓದಬಹುದು. ಅವರ ಮೊದಲ ಪ್ಲೇಟುಗಳನ್ನೂ ಮುಪ್ಪಿನ ಮುದ್ರಿಕೆಗಳನ್ನೂ ಒಂದರ ಬೆನ್ನಿಗೊಂದು ಕೇಳಿದರೆ ಕಿವಿಯಲ್ಲಿಯೇ ಕೇಳಬಹುದು. ಅವರ ಘರಾಣೆಯವರು ಹಾಡುವ ಸಂಪೂರ್ಣ ಮಾಲಕಂಸವನ್ನು ನಾವು ಕೇಳಿದ ದಿನ, ಕರ್ನಾಟಕಿ ಹಿಂದೋಳವನ್ನು ಬಲ್ಲ ನಮ್ಮ ನೆರೂಳಿನ ಯುವತಿ ಪಂಚಮ ಬಂದೊಡನೆ ‘ಅಯ್ಯೋ!’ ಎಂದಳು. ಸಾಮಾನ್ಯ ಮಾಲಕಂಸದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಸಂಪೂರ್ಣದಲ್ಲಿ ಎರಡೂ ಉಂಟು. ಆ ‘ಅಯ್ಯೋ’ ನಮಗೆ ಅಂದಿನ ಅತ್ಯುತ್ತಮ ವಿಮರ್ಶೆಯಾಗಿ ಕಂಡಿತು.

ಕರ್ನಾಟಕ ಸಂಗೀತದ ಮುದ್ರಿಕೆಗಳನ್ನು ನಾವು ಇನ್ನೂ ಸಾಕಷ್ಟು ಕೇಳಿಲ್ಲ. ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲು ಮತ್ತು ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಇವೆರಡರಿಂದ ಆರಂಭಿಸುವ ಉದ್ದೇಶವಿದೆ. 2016ರ ಜನವರಿ 26ರಂದು ಆಕಾಶವಾಣಿ ಆರಂಭಿಸಿದ ‘ರಾಗಂ’ ವಾಹಿನಿಯಿಂದ ಎರಡೂ ಪದ್ಧತಿಗಳ ಸಂಗೀತ ಮೊಬೈಲಿನಲ್ಲಿಯೇ ದೊರೆಯುವಂತಾಯಿತು. ಹಳೆಯ ಪ್ಲೇಟುಗಳ ಬಗೆಗೆ ಆಸಕ್ತಿಯುಳ್ಳವರು 1990ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಸಂಸ್ಥೆಯ ‘ದಿ ರೆಕಾರ್ಡ್ ನ್ಯೂಸ್’ ಸಂಚಿಕೆಗಳನ್ನು ಅವಶ್ಯ ನೋಡಬೇಕು.

ಕಾಕಾ ಈಗಿಲ್ಲ. ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡ ಮೇಲೆ ಆ ಟ್ರಂಕು ನಮ್ಮ ವಶಕ್ಕೆ ಬಂತು. ತೆರೆದು ನೋಡಿದರೆ ಹಲವು ಕ್ಯಾಸೆಟ್ಟುಗಳ ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ನಮ್ಮ ಊರುಗಳ ತೇವದ ಹವೆಯಲ್ಲಿ ಮುಚ್ಚಿಟ್ಟ ಟೇಪುಗಳಿಗೆ ಇದು ತಪ್ಪಿದ್ದಲ್ಲ. ಬೂಷ್ಟು ಹಿಡಿದದ್ದನ್ನು ನೇರವಾಗಿ ಯಂತ್ರಕ್ಕೆ ಹಾಕಬಾರದು. ಟೇಪೂ ಕೆಡುತ್ತದೆ, ಯಂತ್ರದ ಹೆಡ್ಡಿಗೂ ಬೂಷ್ಟು ಮೆತ್ತಿ ಮುಂದಿನ ಟೇಪಿಗೆ ಅಂಟುತ್ತದೆ. ಬಲ್ಲವರಿಂದ ಶುಚಿ ಮಾಡಿಸಿ, ಕಂಪ್ಯೂಟರಿಗೆ ಇಳಿಸುವಾಗ ಒಂದು ಪ್ರತಿಯನ್ನಾದರೂ ಕುಗ್ಗಿಸದ ರೂಪದಲ್ಲಿ ಇಡಬೇಕು. ಒಂದು ಗಂಟೆಗೆ ಸುಮಾರು 600 ಎಂಬಿ ಜಾಗ ಬೇಕು, ಇಂದಿನ ದಿನಗಳಲ್ಲಿ ಅದು ಭಾರವಲ್ಲ. ಇಳಿಸಿದ್ದನ್ನು ಊರಿಗೆಲ್ಲ ಹಂಚುವ ಮೊದಲು ಒಂದು ಎಚ್ಚರ: ನಮ್ಮ ದೇಶದ ಕಾನೂನಿನಂತೆ ಪ್ರಕಟಿತ ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮರು ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಖಾಸಗಿ ಬೈಠಕ್ಕುಗಳ ಮುದ್ರಿಕೆಗಳಾದರೆ ಕಲಾವಿದರ ಕುಟುಂಬದವರನ್ನು ಕೇಳಿಕೊಳ್ಳುವುದೇ ಸೌಜನ್ಯ. ಮನೆಯಲ್ಲಿ ಕೂಡಿ ಕುಳಿತು ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಟೇಪನ್ನು ಉಳಿಸುವ ಉಪಾಯಗಳಿವೆ. ಆದರೆ ಕಾಕಾ ಹೇಳುತ್ತಿದ್ದ ಮಾತುಗಳನ್ನು ನಾವು ಆಗಲೇ ಬರೆದಿಟ್ಟುಕೊಳ್ಳಲಿಲ್ಲ ಎಂಬುದು ನಮ್ಮ ದೊಡ್ಡ ಕೊರಗು. ಟ್ರಂಕಿನ ಒಂದು ಕ್ಯಾಸೆಟ್ಟಿನ ಮೇಲೆ ‘ಮ.ಮ., ಮಳಿ ಜೋರ’ ಎಂದಷ್ಟೇ ಇದೆ. ಮ.ಮ. ಎಂದರೆ ಮಲ್ಲಿಕಾರ್ಜುನ ಮನಸೂರರೆಂದು ದನಿಯಿಂದ ತಿಳಿಯುತ್ತದೆ. ಯಾವ ಊರು, ಯಾವ ವರ್ಷ, ಯಾರ ಮನೆ, ಮಳೆಯ ನಿಮಿತ್ತ ಕಚೇರಿ ತಡವಾಗಿತ್ತೇ, ‘ವಾಹ್’ ಎನ್ನುತ್ತಿರುವ ಆ ಎರಡನೆಯ ದನಿ ಕಾಕಾರದೇ ಆಗಿತ್ತೇ? ಹೇಳಬಲ್ಲವರು ಯಾರೂ ಉಳಿದಿಲ್ಲ.

ಆದ್ದರಿಂದ ಈಗ ನಮ್ಮ ಕೂಟದಲ್ಲಿ ಒಂದು ಇನ್ನೂರು ಪುಟದ ನೋಟುಬುಕ್ಕು ಇದೆ. ಪ್ರತಿ ಸಲ ಏನು ಕೇಳಿದೆವು, ಎಷ್ಟನೆಯ ನಿಮಿಷಕ್ಕೆ ಯಾರು ಏನೆಂದರು ಎಂಬುದನ್ನು ಸರದಿಯ ಮೇಲೆ ಒಬ್ಬರು ಬರೆಯುತ್ತಾರೆ. ಕನ್ನಡ ಬರೆಯಲು ಬಾರದ ಮಕ್ಕಳು ಹೇಳುತ್ತಾರೆ, ತಾಯಂದಿರು ಬರೆದುಕೊಳ್ಳುತ್ತಾರೆ. ಅದರ ಮೊದಲ ಪುಟದಲ್ಲಿ ದೇಸ್ಕಾರದ ಆ ಕ್ಯಾಸೆಟ್ಟಿನ ವಿವರವಿದೆ. ಗಾಯಕರು ಯಾರೆಂಬ ಜಾಗ ಇನ್ನೂ ಖಾಲಿ ಉಳಿದಿದೆ. ಕಾಗೆಯ ಉಲ್ಲೇಖ ಮಾತ್ರ ಅದನ್ನು ಮೊದಲು ಕೇಳಿಸಿಕೊಂಡ ಬಾಲಕನ ಕೈಬರಹದಲ್ಲಿಯೇ ಇದೆ.